ನಡೆದರೆ ಸೂಜಿ ಜಿಗಿಯುತ್ತಾ? ನೆಲ ಬಿಟ್ಟು ಗೋಡೆ ಹಿಡಿಯಿರಿ

ಹಳೇ ಮನೆಯ ಹಲಗೆ ಮಹಡಿ, ಯಾರಾದರೂ ನಡೆದರೆ ರೆಕಾರ್ಡ್ ಪ್ಲೇಯರ್ ಸೂಜಿ ಜಿಗಿಯುತ್ತೆ, ಕೆಳಗೆ ಸ್ಪಂಜು ಹಾಕಿದರೂ ನಿಲ್ತಿಲ್ಲ ಅಂತ ಕೇಳಿದ್ದೀರಿ. ನಾನಿರೋದು ಬೆಳಗಾವಿಯ ವಡಗಾವಿಯಲ್ಲಿ. ನಮ್ಮದೂ ಹಲಗೆ ಮಹಡಿ, ಜೊತೆಗೆ ಪಕ್ಕದ ಮನೆಯಲ್ಲಿ ಪವರ್‌ಲೂಮ್. ಎರಡೂ ಕಾಟ ಅನುಭವಿಸಿದ್ದೇನೆ.

ಮೊದಲು ಸ್ಪಂಜು ತೆಗೆದುಬಿಡಿ. ಮೆತ್ತಗಿನ ಯಾವುದಕ್ಕೂ ತನ್ನದೇ ಒಂದು ಕುಣಿತ ಇರುತ್ತೆ. ಅದಕ್ಕಿಂತ ಸಾಕಷ್ಟು ವೇಗದ ನಡುಕವನ್ನಷ್ಟೇ ಅದು ತಡೆಯುತ್ತೆ, ನಿಧಾನದ್ದನ್ನು ಹಾಗೇ ಮೇಲಕ್ಕೆ ಬಿಡುತ್ತೆ. ಉದಾಹರಣೆಗೆ, ಪ್ಲೇಯರ್ ಇಟ್ಟಾಗ ಅದರ ಕೆಳಗಿನ ಸ್ಪ್ರಿಂಗ್ 10 ಮಿಲಿಮೀಟರ್ ಕುಗ್ಗಿದರೆ ಅದು ಸೆಕೆಂಡಿಗೆ ಸುಮಾರು 5 ಸಲ ಕುಣಿಯುತ್ತೆ. ಎರಡೂವರೆ ಮಿಲಿಮೀಟರ್ ಕುಗ್ಗಿದರೆ ಸುಮಾರು 10 ಸಲ. ಟೋನ್‌ಆರ್ಮ್‌ನ (ಸೂಜಿ ಹಿಡಿದ ಕೋಲಿನ) ಸ್ವಂತ ಕುಣಿತವೂ ಸಾಮಾನ್ಯವಾಗಿ ಸೆಕೆಂಡಿಗೆ 8ರಿಂದ 12ರ ನಡುವೆಯೇ ಇರೋದು. ಎರಡೂ ಜೊತೆಯಾದರೆ ಸೂಜಿ ಜಿಗಿಯದೆ ಇನ್ನೇನು ಮಾಡುತ್ತೆ? ಇನ್ನು ಹೆಜ್ಜೆ ಬೀಳೋದು ಸೆಕೆಂಡಿಗೆ ಎರಡು ಸಲ ಅಷ್ಟೇ. ಅಷ್ಟು ನಿಧಾನದ್ದನ್ನು ಮನೆಯಲ್ಲಿ ಸಿಗೋ ಯಾವ ಮೆತ್ತೆಯೂ ತಡೆಯೋದಿಲ್ಲ.

ನನಗೆ ದಾರಿ ತೋರಿಸಿದ್ದು ನಮ್ಮ ಓಣಿಯ ಬಡಿಗೇರ ಕಾಕಾ. ಹಲಗೆ ಮೇಲೆ ಒಮ್ಮೆ ಕಾಲು ಒತ್ತಿ ನೋಡಿದರು. "ನೆಲಾ ಕುಣಿತೈತಿ, ಗ್ವಾಡಿ ಕುಣಿಯಂಗಿಲ್ಲ. ಗ್ವಾಡಿಗೆ ಹಾಕ್ರಿ," ಅಂದರು. ಹೊರಗಡೆಯ ಕಲ್ಲಿನ ಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್ ಬಿಗಿದು, ಮೇಲೆ ದಪ್ಪ ಹಲಗೆ ಇಟ್ಟೆವು. ಅವತ್ತಿಂದ ಮಗಳು ಓಡಿದರೂ ಸೂಜಿ ಅಲ್ಲಾಡಿಲ್ಲ. ಮಗ್ಗದ ಕಡೆಯ ಗೋಡೆ ಮಾತ್ರ ಬೇಡವೇ ಬೇಡ.

ಆದರೂ ಮಗ್ಗದ ಗುಂಯ್ ಸಣ್ಣಗೆ ಉಳಿದಿತ್ತು. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಸ್ವರ ಬಿಟ್ಟು ಒಂದು ಕ್ಷಣ ಸುಮ್ಮನಾಗ್ತಾರಲ್ಲ, ಸರಿಯಾಗಿ ಆ ಜಾಗದಲ್ಲೇ ಅದು ಕೇಳಿಸೋದು. ಹೊಟ್ಟೆ ಉರೀತಿತ್ತು. ಇದಕ್ಕೆ ಮೆತ್ತೆ ಕೆಲಸಕ್ಕೆ ಬಂತು, ಯಾಕೆಂದರೆ ಗುಂಯ್ ವೇಗದ ನಡುಕ. ಅಡಿಗೆಕಟ್ಟೆಗೆ ಹಾಕಿ ಉಳಿದ ಇಳಕಲ್ ಕೆಂಪು ಗ್ರಾನೈಟ್ ತುಂಡು ತಂದೆ. ಒಂದೂವರೆ ಅಡಿ ಉದ್ದ, ಎತ್ತಿದರೆ ಎಂಟೊಂಬತ್ತು ಕಿಲೋ. ಅದರ ಕೆಳಗೆ ಮಕ್ಕಳ ಸೈಕಲ್ಲಿನ ಟ್ಯೂಬ್, ಮೇಲೆ ಪ್ಲೇಯರ್. ಗಾಳಿ ಕಲ್ಲನ್ನು ಎತ್ತಿ ಹಿಡಿಯೋಷ್ಟೇ ಇರಲಿ, ಬಿಗಿಯಾಗಿ ತುಂಬಿದರೆ ಅದೂ ಗಟ್ಟಿಯಾಗಿ ಪ್ರಯೋಜನ ಇಲ್ಲ. ಗಾಳಿ ಇಳಿಯುತ್ತಾ ಹೋಗುತ್ತೆ, ವಾರಕ್ಕೊಮ್ಮೆ ಪ್ಲೇಯರ್ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

ಸ್ಪೀಕರ್ ಅದೇ ಹಲಗೆ ಮೇಲೆ ಇಡಬೇಡಿ.

ಪರೀಕ್ಷೆ ಮಾಡೋದು ಸುಲಭ. ರೆಕಾರ್ಡ್ ತಿರುಗಿಸದೆ ಸೂಜಿ ಮಾತ್ರ ಇಳಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಹಲಗೆಗೆ ಬೆರಳ ಗಿಣ್ಣಿಂದ ಮೆತ್ತಗೆ ಬಡಿಯಿರಿ. ಮುಂಚೆ ನಮ್ಮಲ್ಲಿ ಡೊಳ್ಳು ಬಡಿದ ಹಾಗೆ 'ಧಂ' ಅಂತಿತ್ತು, ಸ್ಪೀಕರಿನ ವೂಫರ್ ಕಾಗದ ಒಳಗೆ ಹೊರಗೆ ಅದುರೋದು ಕಣ್ಣಿಗೇ ಕಾಣ್ತಿತ್ತು. ಈಗ ಹಲಗೆಗೆ ಬಡಿದರೆ ಉಗುರು ತಾಗಿದಷ್ಟು ಸದ್ದು.

ನಿಮ್ಮದು ಮಣ್ಣಿನ ಗೋಡೆಯಾದರೆ ಬೋಲ್ಟ್ ಹಿಡಿಯೋಲ್ಲ, ಅಪಾಯ. ಆಗ ತೊಲೆಯ ತುದಿ ಗೋಡೆಯೊಳಗೆ ಹೋಗುವ ಮೂಲೆಯಲ್ಲಿ ಪ್ಲೇಯರ್ ಇಡಿ. ಹಲಗೆ ನೆಲ ಕಡಿಮೆ ಕುಣಿಯೋದು ಅಲ್ಲೇ.