ಓದುಗರು ಕೇಳಿದ್ದು: ತಂತಿಯೊಳಗೆ ಎಲೆಕ್ಟ್ರಾನನ್ನು ತಳ್ಳುವವರಾರು?

ಪ್ರಶ್ನೆ: ವಾಹಕದೊಳಗೆ ವಿದ್ಯುತ್ ಕ್ಷೇತ್ರ ಸೊನ್ನೆ ಎಂದು ಪಿಯುಸಿಯಲ್ಲಿ ಓದಿದ್ದೇನೆ. ಹಾಗಿದ್ದರೆ ಎಲೆಕ್ಟ್ರಾನುಗಳು ಸರಿಯುವುದು ಹೇಗೆ? ಅವು ಬಸವನಹುಳುವಿಗಿಂತ ನಿಧಾನವಂತೆ. ನಮ್ಮ ತೊಗರಿ ಹೊಲದ ಬೋರ್‌ವೆಲ್‌ಗೆ 300 ಮೀಟರ್ ಕೇಬಲ್ ಇದೆ, ಆದರೂ ಸ್ಟಾರ್ಟರ್ ಒತ್ತಿದ ಕೂಡಲೇ ಮೋಟರ್ ತಿರುಗುತ್ತದಲ್ಲ?
– ಸೇಡಂನ ಓದುಗರು

ಉತ್ತರ: ಸೊನ್ನೆ ಎಂಬುದು ವಿದ್ಯುದಾವೇಶಗಳು (ಚಾರ್ಜ್) ನಿಶ್ಚಲವಾಗಿದ್ದಾಗಿನ ಮಾತು. ಪುಸ್ತಕಗಳು ಈ ಷರತ್ತನ್ನು ಒಂದೇ ಸಲ ಹೇಳಿ ಮುಂದೆ ಹೋಗುತ್ತವೆ, ಗೊಂದಲ ಅಲ್ಲಿಂದಲೇ ಶುರು. ಕರೆಂಟ್ ಹರಿಯುವ ತಂತಿಯಲ್ಲಿ ಎಲೆಕ್ಟ್ರಾನನ್ನು ತಳ್ಳುವ ಕ್ಷೇತ್ರ ಇದ್ದೇ ಇರುತ್ತದೆ, ಆದರೆ ಬಲು ಸಣ್ಣದು. 5 ಎಚ್‌ಪಿ ತ್ರೀ ಫೇಸ್ ಮೋಟರ್ ಸುಮಾರು 8 ಆಂಪಿಯರ್ ಎಳೆಯುತ್ತದೆ ಎನ್ನಿ. 4 ಚದರ ಮಿ.ಮೀ. ತಾಮ್ರದಲ್ಲಿ ಅದಕ್ಕೆ ಮೀಟರಿಗೆ 0.034 ವೋಲ್ಟ್ ಸಾಕು. 300 ಮೀಟರಿಗೆ ಪ್ರತಿ ಫೇಸ್‌ನಲ್ಲಿ 10 ವೋಲ್ಟ್ ಇಳಿಯುವುದು ಇದರಿಂದಲೇ. ಕಲಬುರಗಿಯ ಮೇ ಬಿಸಿಲಿಗೆ ಇನ್ನಷ್ಟು: ಉಷ್ಣತೆ 10 ಡಿಗ್ರಿ ಏರಿದರೆ ತಾಮ್ರದ ರೋಧ ಸುಮಾರು ಶೇ. 4 ಹೆಚ್ಚುತ್ತದೆ.

ಈ ಕ್ಷೇತ್ರವನ್ನು ಹುಟ್ಟಿಸುವುದು ತಂತಿಯ ಮೈಮೇಲೆ ಕೂತ ಅತ್ಯಲ್ಪ ಆವೇಶ. ತಂತಿಯ ಉದ್ದಕ್ಕೂ ಅದು ಹಂತಹಂತವಾಗಿ ಬದಲಾಗುತ್ತ ಹೋಗುತ್ತದೆ. ತಂತಿ ಬಾಗಿದಲ್ಲಿ ಅಂಚಿಗೆ ತುಸು ಸೇರಿಕೊಂಡು ಕ್ಷೇತ್ರವನ್ನೂ ಬಾಗಿಸುತ್ತದೆ. ಸ್ವಿಚ್ ಒತ್ತಿದಾಗ ಓಡುವುದು ಈ ಏರ್ಪಾಡು, ಎಲೆಕ್ಟ್ರಾನಲ್ಲ. ಬೆಳಕಿನ ಅರ್ಧ ವೇಗವೆಂದರೂ 300 ಮೀಟರಿಗೆ 2 ಮೈಕ್ರೊಸೆಕೆಂಡ್. ಎಲೆಕ್ಟ್ರಾನ್ ಸರಿಯುವ ಸರಾಸರಿ ವೇಗವೋ ಸೆಕೆಂಡಿಗೆ 0.15 ಮಿ.ಮೀ. ಅದೂ 50 ಹರ್ಟ್ಸ್ ಎಸಿಯಲ್ಲಿ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ ದೂರ, ಅತ್ತಿತ್ತ ತೂಗಾಟ ಅಷ್ಟೆ. ಸ್ಟಾರ್ಟರ್‌ನಲ್ಲಿದ್ದ ಎಲೆಕ್ಟ್ರಾನ್ ಮೋಟರ್ ತಲುಪುವುದೇ ಇಲ್ಲ. ತಲುಪಬೇಕಾಗಿಯೂ ಇಲ್ಲ, ವೈಂಡಿಂಗ್‌ನಲ್ಲಿ ಅದರದ್ದೇ ಎಲೆಕ್ಟ್ರಾನುಗಳಿವೆ.

ಪ್ರಶ್ನೆ: ಅದೇ ಕರೆಂಟ್ ಹರಿದರೂ ಕೇಬಲ್ ತಣ್ಣಗಿದ್ದು ಜಾಯಿಂಟ್ ಮಾತ್ರ ಸುಡುವುದೇಕೆ?
– ಶಹಾಪುರದ ಓದುಗರು

ಉತ್ತರ: ಕರೆಂಟ್ ಒಂದೇ, ಕ್ಷೇತ್ರ ಒಂದೇ ಅಲ್ಲ. ರೋಧ ದಿಢೀರನೆ ಹೆಚ್ಚುವ ಗಡಿಯಲ್ಲಿ ಆವೇಶ ಜಮೆಯಾಗಿ ಕ್ಷೇತ್ರ ಅಲ್ಲೇ ಏರುತ್ತದೆ. 1 ಸೆಂ.ಮೀ. ಜಾಯಿಂಟ್‌ನಲ್ಲಿ ಅರ್ಧ ಓಮ್ ಇದ್ದರೆ 8 ಆಂಪಿಯರಿಗೆ 4 ವೋಲ್ಟ್, ಅಂದರೆ ಮೀಟರಿಗೆ 400 ವೋಲ್ಟ್ ಲೆಕ್ಕ! ಶಾಖ 32 ವ್ಯಾಟ್, ಒಂದು ಸೋಲ್ಡರಿಂಗ್ ಐರನ್‌ನಷ್ಟು. ಕೇಬಲಿನ ಒಂದು ಮೀಟರ್ ತಂತಿಯಲ್ಲಿ ಕಾಲು ವ್ಯಾಟ್ ಚಿಲ್ಲರೆ.

ಅಲ್ಯೂಮಿನಿಯಂಗೆ ತಾಮ್ರವನ್ನು ಬರಿದೇ ಹೊಸೆದು ಟೇಪ್ ಸುತ್ತುವುದೇ ಸಾಮಾನ್ಯ ತಪ್ಪು. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಎರಡೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಮೇನ್ ಆಫ್ ಮಾಡಿ, ಆಕ್ಸೈಡ್ ಉಜ್ಜಿ, ಕೂಡಲೇ ಜಾಯಿಂಟಿಂಗ್ ಪೇಸ್ಟ್ ಹಚ್ಚಿ, ಬೈಮೆಟಲ್ ಲಗ್ (ತಾಮ್ರ-ಅಲ್ಯೂಮಿನಿಯಂ ಎರಡೂ ಸೇರಿದ ತಂತಿ ತುದಿಯ ಜೋಡಣೆ) ಅನ್ನು ಅದರ ಅಳತೆಗೆ ಸರಿಯಾದ ಡೈನಲ್ಲಿ (ಒತ್ತುವ ಉಪಕರಣದ ಅಚ್ಚು) ಒತ್ತಿಸಿ. ಕಟಿಂಗ್ ಪ್ಲೇಯರ್‌ನಲ್ಲಿ ಅದುಮಿದರೆ ಲಗ್ ಹಾಕಿಯೂ ಹಾಕದಂತೆಯೇ.