ಲಾರಿ ಡ್ರೈವರ್‌ಗೆ ಟ್ರಿಪ್ ಲೆಕ್ಕದ ದುಡ್ಡು ಸರೀನಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮನೆಯವರು ಹತ್ತು ಚಕ್ರದ ಲಾರಿ ಓಡಿಸುತ್ತಾರೆ. ಕೋಲಾರದ ಮಾರ್ಕೆಟ್ಟಿನಿಂದ ದೆಹಲಿಗೆ ಟೊಮೆಟೊ ಲೋಡು. ಹೋಗಿ ಬಂದರೆ 12,000 ರೂಪಾಯಿ, ಊಟದ ಬಾಟಾ ಬೇರೆ. ತಿಂಗಳ ಸಂಬಳ ಅಂತ ಇಲ್ಲ. ಅಲ್ಲಿ ವಾಪಸ್ ಲೋಡ್ ಸಿಗದೆ ಐದು ದಿನ ಕಾದರೂ ಅದಕ್ಕೆ ಕಾಸಿಲ್ಲ. ಡೀಸೆಲ್ ಜಾಸ್ತಿ ಹೋದರೆ, ಮಾಲು ಲೇಟಾಗಿ ಮುಟ್ಟಿದರೆ ಓನರ್ ಮುರಿದುಕೊಳ್ಳುತ್ತಾರೆ. ಕೇಳಿದರೆ ಎಲ್ಲ ಕಡೆ ಹೀಗೇ ಅಂತಾರೆ. ಇದು ನ್ಯಾಯವಾ? (ಓದುಗರು, ಮುಳಬಾಗಿಲು)

ಉತ್ತರ: ಎಲ್ಲ ಕಡೆ ಹೀಗೇ ಅನ್ನುವುದು ನಿಜ. ಆದರೆ ನೀವು ಕೇಳಿದ್ದು ಅದನ್ನಲ್ಲ, ಅಲ್ವಾ?

ಟ್ರಿಪ್ ಲೆಕ್ಕ ಅನ್ನುವುದೇ ಮೋಸ ಅಂತ ನಾನು ಹೇಳುವುದಿಲ್ಲ. ತಿಂಗಳ ಸಂಬಳಕ್ಕಿಂತ ಇದೇ ವಾಸಿ ಅನ್ನುವ ಡ್ರೈವರ್‌ಗಳು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಬೇರೆ. ಗಾಡಿ ನಿಂತ ದಿನಗಳ ನಷ್ಟವೆಲ್ಲ ಡ್ರೈವರ್ ತಲೆ ಮೇಲೆ ಬರುತ್ತದೆ. ಹೋಗಿ ಬರಲು 12 ದಿನ ಹಿಡಿದರೆ ದಿನಕ್ಕೆ 1,000 ರೂಪಾಯಿ ಬಿತ್ತು. ಐದು ದಿನ ಕಾದು 17 ದಿನ ಆದರೆ ಅದೇ ದುಡ್ಡು ದಿನಕ್ಕೆ 700ರ ಆಸುಪಾಸಿಗೆ ಇಳಿಯುತ್ತದೆ. ಆ ಐದು ದಿನ ಅವರೇನು ರಜೆಯಲ್ಲಿ ಇರುತ್ತಾರಾ? ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಂಥ ಕಡೆ ಗಾಡಿ ನಿಲ್ಲಿಸಿಕೊಂಡು ಲೋಡ್ ಕೊಡಿಸುವ ಬ್ರೋಕರ್ ಫೋನಿಗೆ ಕಾಯಬೇಕು. ಪಕ್ಕದಲ್ಲೇ ಸ್ಟೌ ಹಚ್ಚಿ ಅನ್ನ ಮಾಡಿಕೊಳ್ಳಬೇಕು, ಸ್ನಾನಕ್ಕೂ ಕುಡಿಯುವ ನೀರಿಗೂ ದುಡ್ಡು ಕೊಡಬೇಕು, ರಾತ್ರಿ ಡೀಸೆಲ್ ಟ್ಯಾಂಕಿಗೆ, ಸ್ಟೆಪ್ನಿಗೆ, ಟಾರ್ಪಾಲಿಗೆ ಯಾರಾದರೂ ಕೈ ಹಾಕಿದರೆ ಅಂತ ಅರೆನಿದ್ದೆಯಲ್ಲೇ ಬೆಳಗು ಮಾಡಬೇಕು. ಅದೂ ಡ್ಯೂಟಿನೇ. ಕಾವಲುಗಾರನನ್ನು ಇಟ್ಟರೆ ಅವನಿಗೆ ಸಂಬಳ ಕೊಡುವುದಿಲ್ಲವೇ?

ಇನ್ನು ಡೀಸೆಲ್. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಓನರ್ ಲೀಟರಿಗೆ 4 ಕಿಲೋಮೀಟರ್ ಆವರೇಜ್ ಫಿಕ್ಸ್ ಮಾಡಿದ್ದಾರೆ ಅಂತಿಟ್ಟುಕೊಳ್ಳಿ. ಹೋಗಿಬರುವ ದಾರಿ ಸುಮಾರು 4,400 ಕಿಲೋಮೀಟರ್, ಅಂದರೆ 1,100 ಲೀಟರ್. ಘಾಟಿ, ಟ್ರಾಫಿಕ್ಕು, ಭಾರ, ಹಳೇ ಟಯರು ಸೇರಿ ಆವರೇಜ್ 3.8ಕ್ಕೆ ಬಂದರೆ ಹತ್ತಿರ ಹತ್ತಿರ 58 ಲೀಟರ್ ಜಾಸ್ತಿ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ 5,000 ದಾಟಿತು. 12,000ದಲ್ಲಿ 5,000 ಹೋಯಿತು! ಟ್ಯಾಂಕಿನಿಂದ ಡೀಸೆಲ್ ಇಳಿಸಿ ಮಾರಿಕೊಳ್ಳುವವರೂ ಇದ್ದಾರೆ, ಓನರ್ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಆವರೇಜನ್ನು ಕಾಗದದ ಮೇಲೆ ಕಟ್ಟುವುದು ಬೇಡ. ಅದೇ ಗಾಡಿ, ಅಷ್ಟೇ ಭಾರ, ಹಿಂದಿನ ಮೂರ್ನಾಲ್ಕು ಟ್ರಿಪ್ಪು, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕಿ. ಅದಕ್ಕಿಂತ ತೀರಾ ಕೆಳಗೆ ಬಂದರೆ ಆಗ ಕೇಳಲಿ.

ಲೇಟಾದದ್ದಕ್ಕೆ ಮುರಿಯುವುದು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ನಿದ್ದೆಗೆಟ್ಟು ಓಡಿಸು ಅಂತ ಬಾಯಿಬಿಟ್ಟು ಹೇಳದೆಯೇ ಹೇಳಿದ ಹಾಗೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ದೂರದ ದಾರಿಗೆ ಅನುಮತಿ ಪಡೆದರೂ 10 ಗಂಟೆ ದಾಟಬಾರದು, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಓವರ್‌ಟೈಮಿಗೆ ಎರಡರಷ್ಟು ಕೂಲಿ ಅಂತ ಬರೆದಿತ್ತು. ಅದನ್ನು ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಆದರೆ ಅದೇ 2020ರಲ್ಲಿ ರಸ್ತೆ ಸುರಕ್ಷತೆಗೆ ಕೆಲಸ ಮಾಡುವ ಸೇವ್‌ಲೈಫ್ ಫೌಂಡೇಶನ್ ಸಂಸ್ಥೆ ಲಾರಿ ಡ್ರೈವರ್‌ಗಳನ್ನು ಕೇಳಿದಾಗ ದಿನಕ್ಕೆ ಸರಾಸರಿ 12 ಗಂಟೆಯ ಹತ್ತಿರ ಓಡಿಸುತ್ತೇವೆ ಅಂದಿದ್ದರು. ಯುರೋಪಿನಲ್ಲಿ, ರಸ್ತೆ ಸುರಕ್ಷತೆಗೆ ಅಪಾಯ ಆಗುವ ಹಾಗೆ ಓಡಿದ ದೂರಕ್ಕೆ ತಕ್ಕಂತೆ ದುಡ್ಡು ಕೊಡುವುದನ್ನೇ 2006ರ ನಿಯಮ ತಡೆಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ನೂ ಕಡಿಮೆ ಇಲ್ಲ. ವೇಗದ ಮಿತಿ ಮೀರದೆ ಮುಟ್ಟಲು ಆಗದ ಟೈಮ್ ಕೊಟ್ಟು ಕಳಿಸಿದರೆ, ಹಾಗೆ ಕಳಿಸಿದವರ ಮೇಲೂ ಕೇಸು ನಿಲ್ಲುತ್ತದೆ.

ಒಂದು ನೋಟ್‌ಬುಕ್ ಇಡಿ. ಲೋಡ್ ಆದ ಹೊತ್ತು, ಇಳಿಸಿದ ಹೊತ್ತು, ಕಾದ ದಿನ, ಹಾಕಿಸಿದ ಡೀಸೆಲ್, ಎಲ್ಲ ಬರೆಯಲಿ. ಒಂದು ದಿನ ಬಿಟ್ಟು ಆಮೇಲಿನ ಪ್ರತಿ ದಿನಕ್ಕೆ ಇಷ್ಟು ಅಂತ ಹಾಲ್ಟಿಂಗ್ ದುಡ್ಡು ಕೇಳಲಿ. ದಾರಿ ಮಧ್ಯೆ ಜಗಳ ಬೇಡ. ಮುಂದಿನ ಲೋಡ್ ರೆಡಿಯಾಗಿ ಓನರ್‌ಗೆ ಇವರು ಬೇಕಾಗಿರುವಾಗ ಕೂತು ಮಾತಾಡಲಿ. ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆ ಅಂತಲೇ ರಾಜ್ಯದಲ್ಲಿ 2024ರಲ್ಲಿ ಕಾಯ್ದೆ ಬಂದಿದೆ, ಹೆಸರು ನೋಂದಾಯಿಸಿದ್ದಾರಾ ಕೇಳಿ. ಕ್ಲೀನರ್ ಹುಡುಗನದ್ದೂ ಮಾಡಿಸಿ.

ಪ್ರಶ್ನೆ: ನನ್ನದು ಒಂದೇ ಲಾರಿ. ಕಂತು, ಟೋಲು, ಇನ್ಶೂರೆನ್ಸ್, ಡೀಸೆಲ್ ಎಲ್ಲ ಏರಿದೆ, ಬಾಡಿಗೆ ಮಾತ್ರ ಅಲ್ಲೇ ಇದೆ. ಡ್ರೈವರ್‌ಗೆ ಎಲ್ಲಿಂದ ತಂದು ಕೊಡಲಿ? (ಓದುಗರು, ಹಿರಿಯೂರು)

ಉತ್ತರ: ನಿಮ್ಮ ಕಷ್ಟ ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿದಾಗ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದದ್ದು ಅದಕ್ಕೇ. ಆದರೆ ಲೋಡ್ ಕೊಡುವ ಪಾರ್ಟಿ ನಿಮ್ಮನ್ನು ಹಿಂಡಿದರೆ ನೀವು ಹಿಂಡುವುದು ಯಾರನ್ನು ಹೇಳಿ. ಲೋಡ್ ಒಪ್ಪುವಾಗಲೇ ಇಳಿಸಲು ತಡ ಆದರೆ ದಿನಕ್ಕೆ ಇಷ್ಟು ಅಂತ ಬಿಲ್ಟಿ (ಲೋಡಿನ ರಸೀದಿ) ಮೇಲೆ ಬರೆಸಿ, ಬಂದದ್ದರಲ್ಲಿ ಅರ್ಧ ಡ್ರೈವರ್‌ಗೆ ಕೊಡಿ. ಬ್ರೋಕರ್ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ.

ಪ್ರಶ್ನೆ: ಓವರ್‌ಲೋಡ್ ದಂಡ ನನ್ನ ದುಡ್ಡಲ್ಲಿ ಮುರಿದರು. ಸರೀನಾ? (ಡ್ರೈವರ್, ರಾಣೆಬೆನ್ನೂರು)

ಉತ್ತರ: ಖಂಡಿತ ಇಲ್ಲ. ದಂಡವೇ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಒಂದು ಟ್ರಿಪ್ಪಿನ ದುಡ್ಡು ಅದಕ್ಕೆಲ್ಲಿ ಸಾಲುತ್ತದೆ? ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ಪ್ರಕಾರ, ಓಡಿಸಿದವನು ಮಾಲೀಕ ಅಲ್ಲದಿದ್ದರೆ ಭಾರ ಹಾಕಿದ್ದು ಮಾಲೀಕನಿಗೆ ಗೊತ್ತಿದ್ದೇ ಅಂತ ಕೋರ್ಟು ಭಾವಿಸಬಹುದು. ಗಾಡಿ ತೂಕ ಹಾಕುವ ವೇಬ್ರಿಡ್ಜ್‌ನ ಚೀಟಿಯ ಫೋಟೋ ತೆಗೆದು ಗಾಡಿ ಹೊರಡುವ ಮುಂಚೆ ಓನರ್‌ಗೆ ವಾಟ್ಸಾಪ್ ಮಾಡಿ. ನೀಲಿ ಟಿಕ್ ಬಂದ ಮೇಲೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.