ಕೊರಿಯಾ ಬಗ್ಗೆ ಓದಿದ್ರೆ ಕೆಲಸ ಸಿಗುತ್ತಾ?

ಪ್ರಶ್ನೆ: ನಾನು ಬಿಕಾಂ ಕೊನೆಯ ವರ್ಷ. ಕೊರಿಯಾದ ಸಂಸ್ಕೃತಿ, ವ್ಯಾಪಾರ, ಸಮಾಜ ಇದನ್ನೆಲ್ಲ ಅಲ್ಲೇ ಹೋಗಿ ಓದುವ ಆಸೆ. ಸೀರಿಯಲ್ ನೋಡಿ ಹುಚ್ಚು ಹಿಡಿದಿದೆ ಅಂತಾರೆ ಅಪ್ಪ. ಭಾಷೆ ಬರಲೇಬೇಕಾ? ದುಡ್ಡು ಎಷ್ಟಾಗುತ್ತೆ?
– ಓದುಗಿ, ವಿಜಯನಗರ, ಬೆಂಗಳೂರು

ಉತ್ತರ: ಹುಚ್ಚು ಇರಲಿ ಬಿಡಿ, ಅದಿಲ್ಲದೆ ಯಾರು ಹೊಸ ಭಾಷೆ ಕಲಿಯುತ್ತಾರೆ? ಸೋಲ್‌ನ ಯೊನ್ಸೆ, ಇಹ್ವಾ ವಿಶ್ವವಿದ್ಯಾಲಯಗಳಲ್ಲಿ ಕೊರಿಯನ್ ಸ್ಟಡೀಸ್ ಎಂಎ ಇಂಗ್ಲಿಷಿನಲ್ಲೇ ಇದೆ. ಆದರೆ ಕೆಲಸ ಹುಡುಕುವಾಗ ಭಾಷೆ ಬೇಕೇ ಬೇಕು. ಟೋಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಯಲ್ಲಿ 6 ಹಂತ, ಸುಮ್ನೆ 1ನೇ ಹಂತ ಪಾಸಾಗಿ ರೆಸ್ಯೂಮೆಯಲ್ಲಿ ಹಾಕಿಕೊಂಡರೆ ಯಾರೂ ಕೇಳಲ್ಲ.

ದುಡ್ಡಿನ ಮಾತು. ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್ ಅಂತ ಅಲ್ಲಿನ ಸರ್ಕಾರದ್ದೇ ಒಂದಿದೆ. ಫೀಸು, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲ ಅವರದೇ, ಮೊದಲ ಒಂದು ವರ್ಷ ಭಾಷೆ ಕಲಿಸಿ, ಟೋಪಿಕ್ 3ನೇ ಹಂತ ಪಾಸಾದ ಮೇಲೆ ಡಿಗ್ರಿಗೆ ಬಿಡುತ್ತಾರೆ. ಪೈಪೋಟಿ ಜಾಸ್ತಿ, ಅಂಕ ಶೇ. 80 ದಾಟಿರಬೇಕು.

ನಮಗೊಂದು ಅನುಕೂಲ ಇದೆ. 'ನಾನು ಊಟ ಮಾಡಿದೆ' ಅನ್ನುವ ಹಾಗೇ ಅವರದೂ ಕ್ರಿಯಾಪದ ಕೊನೆಗೆ. ಅಕ್ಷರ 24, ಒಂದು ವಾರ ಕೂತರೆ ಬರುತ್ತೆ. ಅಲ್ಲಿನ ಮಕ್ಕಳೂ ತಂದೆಯನ್ನು 'ಅಪ್ಪಾ' ಅಂತಲೇ ಕರೆಯುತ್ತವೆ, ಇದನ್ನು ನಿಮ್ಮ ಅಪ್ಪನಿಗೂ ಹೇಳಿ, ಸ್ವಲ್ಪ ಕರಗಬಹುದು!

ಬರೀ ಸಂಸ್ಕೃತಿ ಓದಬೇಡಿ, ಬಿಕಾಂ ಇರುವುದರಿಂದ ವ್ಯಾಪಾರವನ್ನೂ ಸೇರಿಸಿಕೊಳ್ಳಿ. ಕೊರಿಯಾದ ಕಂಪನಿಗಳು ನಮ್ಮಲ್ಲೂ ಇವೆ: ಸ್ಯಾಮ್‌ಸಂಗ್‌ನ ಆರ್ ಅಂಡ್ ಡಿ (ಸಂಶೋಧನಾ ಕೇಂದ್ರ) ಬೆಂಗಳೂರಿನಲ್ಲೇ ಇದೆ, ಹ್ಯುಂಡೈ ಕಾರ್ಖಾನೆ ಚೆನ್ನೈ ಹತ್ತಿರ, ಅಲ್ವಾ?